ಬೆಳ್ಳಿತೆರೆಯ ಮೇಲೆ ಬೈಬಲಿನ ಕಾಲ

ಶತಮಾನೋತ್ಸವದ ಸ್ಮರಣ ಸಂಚಿಕೆಯೆಂದ ಮೇಲೆ ದೇವಾಲಯದ ಅಡಿಗಲ್ಲು, ಗಂಟೆಗೋಪುರ, ಇಲ್ಲಿ ಸೇವೆ ಸಲ್ಲಿಸಿದ ಗುರುಗಳ ನಾಮಾವಳಿ, ದಾನಿಗಳ ಪಟ್ಟಿ ಇವೆಲ್ಲ ಇರಲೇಬೇಕು. ಅವು ಈ ಸಂಚಿಕೆಯ ಇತರ ಪುಟಗಳಲ್ಲಿ ಯೋಗ್ಯರ ಲೇಖನಿಯಿಂದ ಬಂದಿವೆ. ಸಂಪಾದಕ ಮಂಡಳಿಯವರು ಇತಿಹಾಸಕ್ಕೆ ಸಂಬಂಧಿಸಿದ ಲೇಖನವೊಂದನ್ನು ನಮ್ಮಿಂದಲೂ ಅಪೇಕ್ಷಿಸಿದಾಗ ನಾವು ಹಳೆಯ ಬೈಬಲ್ ಚಲನಚಿತ್ರಗಳ ವಿಷಯವನ್ನು ಆರಿಸಿಕೊಂಡೆವು. ಒಬ್ಬಿಬ್ಬರು ಹಿರಿಯರು ಹುಬ್ಬೇರಿಸಿದರು. ಚರ್ಚಿಗೂ ಚಲನಚಿತ್ರಕ್ಕೂ ಎಲ್ಲಿಯ ನಂಟು ಎಂಬುದು ಅವರ ಪ್ರಶ್ನೆ.

ನಂಟು ಇದೆ, ನಾವು ಒಪ್ಪಿಕೊಳ್ಳುವುದಕ್ಕಿಂತ ಹೆಚ್ಚಾಗಿಯೇ ಇದೆ. ಮೋಶೆ ಎಂದೊಡನೆ ನಮ್ಮಲ್ಲಿ ಅನೇಕರ ಕಣ್ಣಮುಂದೆ ನಿಲ್ಲುವುದು ನೀಳಗಡ್ಡದ ಚಾರ್ಲ್‌ಟನ್ ಹೆಸ್ಟನ್. ನೀರೋ ಎಂದೊಡನೆ ಪೀಟರ್ ಉಸ್ತಿನೋವ್. ಧರ್ಮೋಪದೇಶದ ತರಗತಿಗಳಲ್ಲಿ ವರ್ಷಗಟ್ಟಲೆ ಹೇಳಿದ್ದಕ್ಕಿಂತ ಮೂರು ಗಂಟೆಯ ಒಂದು ಚಿತ್ರ ಮನಸ್ಸಿನಲ್ಲಿ ಆಳವಾಗಿ ಊರಿರುವುದನ್ನು ಸಂತೋಷದಿಂದಲೋ ಸಂಕೋಚದಿಂದಲೋ ಗುರುಗಳೆಲ್ಲರೂ ಕಂಡಿದ್ದಾರೆ. ಇವು ಅರುವತ್ತು ಎಪ್ಪತ್ತು ವರ್ಷ ಹಳೆಯ ಚಿತ್ರಗಳು. ಬಣ್ಣ ಗಾಢ, ಮಾತು ಕೃತಕ, ಗಡ್ಡಗಳು ಅಂಟಿಸಿದವೆಂಬುದು ಮಗುವಿಗೂ ಗೊತ್ತಾಗುತ್ತದೆ. ಆದರೂ ಅಮೆರಿಕದ ಎಬಿಸಿ ದೂರದರ್ಶನ ಜಾಲವು 1973ರಿಂದ ‘ದಿ ಟೆನ್ ಕಮಾಂಡ್‌ಮೆಂಟ್ಸ್’ ಚಿತ್ರವನ್ನು ಬಹುತೇಕ ಪ್ರತಿವರ್ಷವೂ ಪಾಸ್ಕ ಹಬ್ಬದ ಆಸುಪಾಸಿನಲ್ಲಿ ಪ್ರಸಾರ ಮಾಡುತ್ತಾ ಬಂದಿದೆ. ನಮ್ಮಲ್ಲಿಯೂ ಪವಿತ್ರ ವಾರದಲ್ಲಿ ‘ಬೆನ್‌ಹರ್’ ಹಾಕಿಕೊಂಡು ಕೂಡುವ ಮನೆಗಳುಂಟು. ಈ ಸೆಳೆತ ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ವಿಚಾರಿಸೋಣ.

ರಕ್ಷಣೆಯ ಕಥೆಯನ್ನು ಕೇಳಿದರೆ ಸಾಲದು, ನೋಡಬೇಕು ಎಂಬ ಹಸಿವು ಯಂತ್ರದಿಂದ ಹುಟ್ಟಿದ್ದಲ್ಲ. ಜರ್ಮನಿಯ ಬವೇರಿಯ ಪ್ರಾಂತದ ಒಬರಮ್ಮರ್ಗಾವ್ ಎಂಬ ಹಳ್ಳಿಯವರು 1633ರಲ್ಲಿ ಪ್ಲೇಗು ಮಾರಿಯಿಂದ ಬಿಡುಗಡೆ ಬೇಡಿ ಹರಕೆ ಹೊತ್ತು, ಮರುವರ್ಷವೇ ಪ್ರಭುವಿನ ಯಾತನೆಯ ನಾಟಕವನ್ನು ಆಡಿದರು. ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ನಡೆಯುವ ಆ ಹರಕೆ ಇಂದಿಗೂ ನಿಂತಿಲ್ಲ. 2020ರಲ್ಲಿ ನಡೆಯಬೇಕಾಗಿದ್ದುದು ಕೋವಿಡ್ ಮಾರಿಯಿಂದಾಗಿ ಮುಂದೆ ಹೋಗಿ 2022ರಲ್ಲಿ ನಡೆಯಿತು. ಮಾರಿಯ ದೆಸೆಯಿಂದ ಹುಟ್ಟಿದ ನಾಟಕವನ್ನು ಮಾರಿಯೇ ಎರಡು ವರ್ಷ ತಡೆದು ನಿಲ್ಲಿಸಿದ್ದು ವಿಚಿತ್ರವೇ ಸರಿ.

ಆದರೆ ನಮ್ಮ ಚಿತ್ರಗಳ ನೇರವಾದ ತಾಯಿಬೇರು ಹತ್ತೊಂಬತ್ತನೆಯ ಶತಮಾನದ ಮೂರು ಕಾದಂಬರಿಗಳಲ್ಲಿದೆ. ಮೊದಲನೆಯದು ಕಾರ್ಡಿನಲ್ ವೈಸ್‌ಮನ್ ಅವರು 1854ರಲ್ಲಿ ಪ್ರಕಟಿಸಿದ ‘ಫಬಿಯೋಲ’. ವೆಸ್ಟ್‌ಮಿನ್‌ಸ್ಟರಿನ ಮೊದಲ ಮಹಾಧರ್ಮಾಧ್ಯಕ್ಷರಾಗಿದ್ದ ಅವರು, ಹಿಂದಿನ ವರ್ಷವಷ್ಟೇ ಚಾರ್ಲ್ಸ್ ಕಿಂಗ್ಸ್‌ಲಿ ‘ಹೈಪೇಷಿಯ’ ಎಂಬ ಕಾದಂಬರಿಯಲ್ಲಿ ಆದಿ ಕ್ರೈಸ್ತರನ್ನು ಚಿತ್ರಿಸಿದ ಬಗೆಗೆ ಉತ್ತರವಾಗಿ ಲೇಖನಿ ಹಿಡಿದರು. ರೋಮಿನಲ್ಲಿ ಅದೇ ವರ್ಷಗಳಲ್ಲಿ ದೆ ರೊಸ್ಸಿ ಎಂಬ ವಿದ್ವಾಂಸರು ಸಂತ ಕಲ್ಲಿಸ್ತರ ಭೂಗತ ಸಮಾಧಿಗಳನ್ನು ಶೋಧಿಸುತ್ತಿದ್ದರು. ನೆಲದಡಿಯಲ್ಲಿ ದೀಪ ಹಿಡಿದು ಬಲಿಪೂಜೆ ಅರ್ಪಿಸುವ ಸಭೆಯ ಚಿತ್ರ ಜನಮನದಲ್ಲಿ ಬೇರೂರಿದ್ದು ಆಗ. ಎರಡನೆಯದು ಅಮೆರಿಕದ ಲ್ಯೂ ವಾಲೇಸ್ ಬರೆದ ‘ಬೆನ್‌ಹರ್’ (1880). ಮೂರನೆಯದು ಪೋಲೆಂಡಿನ ಸಿಯೆಂಕಿಯೆವಿಚ್ ಅವರ ‘ಕ್ವೋ ವಾದಿಸ್’ (1896). ಅದರ ಕರ್ತೃವಿಗೆ 1905ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ವಾಲೇಸರ ವಿಷಯದಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆವು. ಆತ ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿದ ಸೇನಾಪತಿ. ದೇವಭಕ್ತನೆಂಬ ಹೆಸರೇನೂ ಇರಲಿಲ್ಲ. 1876ರಲ್ಲಿ ರೈಲಿನಲ್ಲಿ ಪ್ರಯಾಣಿಸುವಾಗ ರಾಬರ್ಟ್ ಇಂಗರ್‌ಸಾಲ್ ಎಂಬ ಪ್ರಸಿದ್ಧ ನಾಸ್ತಿಕ ವಾಗ್ಮಿಯೊಡನೆ ದೇವರು, ಸ್ವರ್ಗ, ಕ್ರಿಸ್ತರು ಎಂದು ದೀರ್ಘವಾದ ಚರ್ಚೆ ನಡೆಯಿತು. ಉತ್ತರ ಕೊಡಲು ತನಗೆ ಏನೂ ಗೊತ್ತಿಲ್ಲವೆಂದು ನಾಚಿಕೊಂಡು ಆತ ಅಧ್ಯಯನಕ್ಕೆ ಕುಳಿತ. ಆ ಅಧ್ಯಯನದ ಫಲವೇ ಕಾದಂಬರಿ. ಪವಿತ್ರ ನಾಡನ್ನು ಆಗಿನ್ನೂ ಕಂಡಿರಲಿಲ್ಲ; ನಕ್ಷೆ ಗ್ರಂಥಗಳನ್ನು ಮುಂದಿಟ್ಟುಕೊಂಡು ಬರೆದ. ನಾಸ್ತಿಕನ ಮಾತಿನಿಂದ ಭಕ್ತಿಯ ಕಾದಂಬರಿ ಹುಟ್ಟಿತು. ದೈವಸಂಕಲ್ಪದ ದಾರಿಗಳನ್ನು ಬಲ್ಲವರಾರು!

1899ರಲ್ಲಿ ‘ಬೆನ್‌ಹರ್’ ನ್ಯೂಯಾರ್ಕಿನಲ್ಲಿ ನಾಟಕವಾಯಿತು. ತಿರುಗುವ ಪಟ್ಟಿಗಳ ಮೇಲೆ ನಿಜವಾದ ಕುದುರೆಗಳು ರಂಗದಲ್ಲಿಯೇ ಓಡಿದವು. ಆದರೆ ಕ್ರಿಸ್ತರ ಪಾತ್ರವನ್ನು ಯಾವ ನಟನೂ ಧರಿಸಕೂಡದೆಂದು ವಾಲೇಸ್ ಹಟ ಹಿಡಿದ. ಕೊನೆಗೆ ಪ್ರಭು ಬರುವೆಡೆಯಲ್ಲೆಲ್ಲ ಪ್ರಖರವಾದ ಬೆಳಕಿನ ಕಿರಣವೊಂದನ್ನು ಬೀಳಿಸುವುದೆಂದು ಒಪ್ಪಂದವಾಯಿತು. ಇದು ಅವನೊಬ್ಬನ ಸಂಕೋಚವಲ್ಲ. 1913ರಲ್ಲಿ ಕಾರ್ಯಾರಂಭ ಮಾಡಿದ ಬ್ರಿಟನ್ನಿನ ಚಲನಚಿತ್ರ ಪರಿಶೀಲನಾ ಮಂಡಳಿಗೆ ಆರಂಭದಲ್ಲಿ ಎರಡೇ ಎರಡು ನಿಷೇಧಗಳಿದ್ದವು: ನಗ್ನತೆ ಕೂಡದು, ಕ್ರಿಸ್ತರ ರೂಪವನ್ನು ತೋರಿಸಕೂಡದು. ಈ ಬೆಳಕಿನ ಕಿರಣವನ್ನು ವಾಚಕರು ನೆನಪಿನಲ್ಲಿಡಬೇಕು. ನಮ್ಮ ವಾದಕ್ಕೆ ಮುಂದೆ ಅದು ಬೇಕಾಗುತ್ತದೆ.

ಇತರ ನಾಡುಗಳಲ್ಲಿ ಇಂತಹ ನಿರ್ಬಂಧವಿರಲಿಲ್ಲ. ಫ್ರಾನ್ಸಿನ ಪಾಥೆ ಸಂಸ್ಥೆಗಾಗಿ ಫೆರ್ಡಿನಾಂಡ್ ಜೆಕ್ಕಾ ಪ್ರಭುವಿನ ಜೀವನ ಮತ್ತು ಯಾತನೆಯ ಚಿತ್ರವನ್ನು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿಯೇ ತಯಾರಿಸಿದ. 1912ರಲ್ಲಿ ‘ಫ್ರಮ್ ದಿ ಮೇಂಜರ್ ಟು ದಿ ಕ್ರಾಸ್’ ಎಂಬ ಅಮೆರಿಕನ್ ಚಿತ್ರ ಈಜಿಪ್ಟ್ ಮತ್ತು ಪ್ಯಾಲೆಸ್ತೀನಿನ ನೆಲದಲ್ಲಿಯೇ ತಯಾರಾಯಿತು. ಇಂತಹ ಚಿತ್ರಗಳು ಹಡಗೇರಿ ನಮ್ಮ ದೇಶಕ್ಕೂ ಬಂದವು. 1910ರಲ್ಲಿ ಬೊಂಬಾಯಿಯಲ್ಲಿ ‘ಕ್ರಿಸ್ತರ ಜೀವನ’ ಎಂಬ ಚಿತ್ರವನ್ನು ನೋಡುತ್ತಾ ಕುಳಿತ ದಾದಾಸಾಹೇಬ್ ಫಾಲ್ಕೆಯವರ ಮನಸ್ಸಿನಲ್ಲಿ ರಾಮನೂ ಕೃಷ್ಣನೂ ಗೋಕುಲವೂ ಅಯೋಧ್ಯೆಯೂ ಮೂಡತೊಡಗಿದವೆಂದು ಅವರೇ ಮುಂದೆ ಬರೆದಿದ್ದಾರೆ. ಆ ಕನಸು 1913ರಲ್ಲಿ ‘ರಾಜಾ ಹರಿಶ್ಚಂದ್ರ’ವಾಯಿತು. ಭಾರತದ ಚಲನಚಿತ್ರೋದ್ಯಮದ ಮೊದಲ ಕಿಡಿ ಹೊತ್ತಿದ್ದು ಶುಭಸಂದೇಶದ ಚಿತ್ರವೊಂದರಿಂದ ಎಂಬುದನ್ನು ನಮ್ಮ ಕ್ರೈಸ್ತ ಯುವಕರಲ್ಲಿ ಎಷ್ಟು ಮಂದಿ ಬಲ್ಲರು? ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ಕೂಡ ಪುರಾಣಕಥೆಯೇ. ಪವಿತ್ರ ಕಥೆಯನ್ನು ಪರದೆಯ ಮೇಲೆ ನೋಡುವ ಅಭ್ಯಾಸ ನಮ್ಮ ನೆರೆಹೊರೆಯವರಿಗೂ ನಮಗೂ ಒಟ್ಟಿಗೇ ಬಂದಿತು. ಬೈಬಲ್ ಚಿತ್ರ ಬಂದಾಗ ಹಿಂದೂ ಬಂಧುಗಳೂ ಸಾಲಿನಲ್ಲಿ ನಿಲ್ಲುತ್ತಿದ್ದುದು ಅದರಿಂದಲೇ ಎಂದು ನಮ್ಮ ಭಾವನೆ.

ಭರ್ಜರಿ ಚಿತ್ರಗಳ ಯುಗವನ್ನು ತೆರೆದವರು ಇಟಲಿಯವರು. 1913ರಲ್ಲಿ ಎನ್ರಿಕೋ ಗ್ವಾಜೋನಿಯ ‘ಕ್ವೋ ವಾದಿಸ್’, 1914ರಲ್ಲಿ ಜೊವಾನಿ ಪಾಸ್ತ್ರೋನೆಯ ‘ಕಬಿರಿಯ’. ಎರಡನೆಯದರಲ್ಲಿ ಮಾಚಿಸ್ತೆ ಎಂಬ ಬಲಶಾಲಿ ಗುಲಾಮನ ಪಾತ್ರ ವಹಿಸಿದ ಬಾರ್ತೊಲೊಮಿಯೊ ಪಗಾನೋ ಜಿನೋವಾ ಬಂದರಿನಲ್ಲಿ ಮೂಟೆ ಹೊರುತ್ತಿದ್ದ ಕೂಲಿ. ಗ್ವಾಜೋನಿಯ ರಂಗಭೂಮಿಯನ್ನು ಕಂಡ ಜನರಿಗೆ ಅದು ಹೊಸದೆನಿಸಲಿಲ್ಲ. ಕಾರಣ, ಫ್ರಾನ್ಸಿನ ಚಿತ್ರಕಾರ ಜೆರೋಮ್ ಬಿಡಿಸಿದ ಮಲ್ಲಯೋಧರ ಹಾಗೂ ಸಿಂಹಗಳ ಚಿತ್ರಗಳನ್ನೇ ಆತ ಜೀವಂತವಾಗಿ ನಿಲ್ಲಿಸಿದ್ದ. 1912ರ ಅಮೆರಿಕನ್ ಚಿತ್ರ ತಿಸ್ಸೋನ ಬೈಬಲ್ ಚಿತ್ರಗಳನ್ನು ಅನುಸರಿಸಿತು. ಮುಂದೆ ಡಿಮಿಲ್ ದೊರೆಯನ್ನು ಅನುಸರಿಸಿದ. ಪ್ರೇಕ್ಷಕರು ಪರದೆಯ ಮೇಲೆ ಗುರುತು ಹಿಡಿದದ್ದು ಪ್ರಾಚೀನ ರೋಮನ್ನಲ್ಲ, ತಮ್ಮ ಮನೆಯ ಗೋಡೆಯ ಪಟಗಳನ್ನು, ಧರ್ಮೋಪದೇಶದ ಪುಸ್ತಕದ ಚಿತ್ರಗಳನ್ನು, ದೇವಾಲಯದ ಕಿಟಕಿಗಳ ಬಣ್ಣದ ಗಾಜನ್ನು. ಅವು ಅಲುಗಾಡಿದವು, ಉಸಿರಾಡಿದವು. ಇದು ಸೆಳೆತದ ಮೊದಲ ಗುಟ್ಟು.

ಇನ್ನು ಸಿಸಿಲ್ ಡಿಮಿಲ್. ಈತನ ಬಗೆಗೆ ನಮಗೆ ಎರಡು ಮನಸ್ಸು. 1923ರಲ್ಲಿ ಮೊದಲ ಬಾರಿಗೆ ‘ದಿ ಟೆನ್ ಕಮಾಂಡ್‌ಮೆಂಟ್ಸ್’ ತೆಗೆದಾಗ ಕ್ಯಾಲಿಫೋರ್ನಿಯದ ಗ್ವಾಡಲೂಪೆ ಮರಳುದಿಣ್ಣೆಗಳಲ್ಲಿ ಈಜಿಪ್ಟಿನ ನಗರವನ್ನೇ ಕಟ್ಟಿಸಿದ; ಕೆಲಸ ಮುಗಿದ ಮೇಲೆ ಅದನ್ನು ಅಲ್ಲಿಯೇ ಮರಳಿನಲ್ಲಿ ಹೂಳಲಾಯಿತು. ಇತ್ತೀಚಿನ ವರ್ಷಗಳಲ್ಲಿ ಪುರಾತತ್ತ್ವಜ್ಞರು ಆ ಗಾರೆಯ ಸಿಂಹನಾರಿಯ ಮೂರ್ತಿಗಳನ್ನು ನಿಜವಾದ ಅವಶೇಷಗಳಂತೆಯೇ ಕುಂಚ ಹಿಡಿದು ಅಗೆದು ತೆಗೆದಿದ್ದಾರೆ. 1927ರ ‘ದಿ ಕಿಂಗ್ ಆಫ್ ಕಿಂಗ್ಸ್’ ಚಿತ್ರಕ್ಕೆ ಡೇನಿಯಲ್ ಲಾರ್ಡ್ ಎಂಬ ಯೇಸುಸಭೆಯ ಗುರುಗಳು ಸಲಹೆಗಾರರಾಗಿದ್ದರು. ಚಿತ್ರೀಕರಣದ ಸ್ಥಳದಲ್ಲಿ ಬಲಿಪೂಜೆಯನ್ನೂ ಅರ್ಪಿಸಿದರು. ಅದೇ ಡಿಮಿಲ್ ಐದು ವರ್ಷಗಳ ಬಳಿಕ ‘ದಿ ಸೈನ್ ಆಫ್ ದಿ ಕ್ರಾಸ್’ನಲ್ಲಿ ನೀರೋನ ರಾಣಿಯನ್ನು ಹಾಲಿನ ಕೊಳದಲ್ಲಿ ಮೀಯಿಸಿ, ರೋಮನ್ನರ ಭೋಗಕೂಟಗಳನ್ನು ಬೇಕಾದಷ್ಟು ತೋರಿಸಿ, ಕೊನೆಯಲ್ಲಿ ರಕ್ತಸಾಕ್ಷಿಗಳನ್ನು ಸಿಂಹಗಳ ಎದುರಿಗೆ ಕಳುಹಿಸಿ ಎಲ್ಲಕ್ಕೂ ಪ್ರಾಯಶ್ಚಿತ್ತ ಮಾಡಿಕೊಂಡ. ಎರಡು ಗಂಟೆ ಪಾಪ, ಹತ್ತು ನಿಮಿಷ ಪಶ್ಚಾತ್ತಾಪ ಎಂಬ ಈ ಲೆಕ್ಕ ಅಮೆರಿಕದ ಕಥೋಲಿಕರನ್ನು ಕೆರಳಿಸಿತು. ಲಾರ್ಡ್ ಗುರುಗಳೇ 1930ರಲ್ಲಿ ಚಿತ್ರೋದ್ಯಮಕ್ಕೆ ನೀತಿಸಂಹಿತೆಯನ್ನು ರಚಿಸಿಕೊಟ್ಟಿದ್ದರು. ಅದನ್ನು ಯಾರೂ ಲಕ್ಷಿಸದಿದ್ದಾಗ 1934ರಲ್ಲಿ ಲೀಜನ್ ಆಫ್ ಡೀಸೆನ್ಸಿ ಎಂಬ ಸಂಘಟನೆಯ ಮೂಲಕ ಲಕ್ಷಾಂತರ ಕಥೋಲಿಕರು ಹೊಲಸು ಚಿತ್ರಗಳನ್ನು ನೋಡುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ಹನ್ನೊಂದನೆಯ ಭಕ್ತಿನಾಥ ಜಗದ್ಗುರುಗಳು 1936ರ ಜೂನ್ 29ರಂದು ‘ವಿಜಿಲಾಂತಿ ಕೂರ’ ಎಂಬ ವಿಶ್ವಪತ್ರದಲ್ಲಿ ಆ ಪ್ರಯತ್ನವನ್ನು ಹೊಗಳಿದರು. ಆ ಪತ್ರ ಚಲನಚಿತ್ರವನ್ನು ತಿರಸ್ಕರಿಸಲಿಲ್ಲ. ಅದರ ಶಕ್ತಿಯನ್ನು ಗುರುತಿಸಿ, ಶಕ್ತಿಯಿರುವುದರಿಂದಲೇ ಎಚ್ಚರ ಬೇಕೆಂದಿತು.

ಯುದ್ಧಾನಂತರದ ಹದಿನೈದು ವರ್ಷಗಳೇ ಈ ಚಿತ್ರಗಳ ಸುಗ್ಗಿ. ಭಕ್ತಿ ಹೆಚ್ಚಿದ್ದರಿಂದ ಹಾಗಾಯಿತೆಂದು ಹೇಳಿದರೆ ಅರ್ಧಸತ್ಯವಾದೀತು. ಅಮೆರಿಕದ ಮನೆಮನೆಗೆ ದೂರದರ್ಶನ ಬಂದು ಚಿತ್ರಮಂದಿರಗಳು ಬರಿದಾಗತೊಡಗಿದ್ದವು. ಆ ಪುಟ್ಟ ಪೆಟ್ಟಿಗೆಯಲ್ಲಿ ಹಿಡಿಸದಂತಹ ದೃಶ್ಯ ಬೇಕಾಗಿತ್ತು. ವಿಶಾಲ ಪರದೆಯ ಸಿನೆಮಾಸ್ಕೋಪ್ ವಿಧಾನದಲ್ಲಿ ಬಿಡುಗಡೆಯಾದ ಮೊದಲ ಚಿತ್ರ 1953ರ ‘ದಿ ರೋಬ್’, ಪ್ರಭುವಿನ ನಿಲುವಂಗಿಯ ಕಥೆ. ಮತ್ತೊಂದು ಕಾರಣ ಇನ್ನೂ ಲೌಕಿಕ. ಅಮೆರಿಕನ್ ಸಂಸ್ಥೆಗಳು ಇಟಲಿಯಲ್ಲಿ ಗಳಿಸಿದ ಹಣವನ್ನು ಹೊರಕ್ಕೆ ಒಯ್ಯಲು ನಿರ್ಬಂಧವಿದ್ದುದರಿಂದ ಅಲ್ಲಿಯೇ ಖರ್ಚು ಮಾಡಬೇಕಾಯಿತು. ಹೀಗೆ ರೋಮ್ ಹೊರವಲಯದ ಚಿನೆಚಿತ್ತಾ ಸ್ಟುಡಿಯೋದಲ್ಲಿ ‘ಕ್ವೋ ವಾದಿಸ್’ (1951) ತಯಾರಾಯಿತು. ಮುಸೊಲಿನಿಯ ಕಾಲದಲ್ಲಿ, 1937ರಲ್ಲಿ ತೆರೆದ ಆ ಸ್ಟುಡಿಯೋ ಯುದ್ಧ ಮುಗಿದಾಗ ನಿರಾಶ್ರಿತರ ಶಿಬಿರವಾಗಿತ್ತು. ನೀರೋನ ಅರಮನೆಯ ಮುಂದೆ ಕೂಗುವ ಆ ಜನಸ್ತೋಮವನ್ನು ಗಮನಿಸಿ ನೋಡಿ. ಅವರು ಬಹುಮಟ್ಟಿಗೆ ರೋಮಿನ ಬಡವರು, ಐದಾರು ವರ್ಷಗಳ ಹಿಂದಷ್ಟೇ ಬಾಂಬು ಕಂಡವರು, ದಿನಗೂಲಿಗೆ ಬಂದವರು. ಸೋಫಿಯಾ ಲಾರೆನ್ ಎಂದು ಮುಂದೆ ಲೋಕಪ್ರಸಿದ್ಧಳಾದ ಹುಡುಗಿಯೂ ಅವಳ ತಾಯಿಯೂ ಆ ಗುಂಪಿನಲ್ಲಿದ್ದರು. ನಾಯಕರ ಅಭಿನಯ ಕೃತಕವಾದರೂ ಹಿಂದೆ ನಿಂತ ಮುಖಗಳು ಸುಳ್ಳಲ್ಲ. 1956ರ ‘ಟೆನ್ ಕಮಾಂಡ್‌ಮೆಂಟ್ಸ್’ನಲ್ಲಿಯೂ ಹಾಗೆಯೇ: ವಿಮೋಚನೆಯ ಮೆರವಣಿಗೆಯಲ್ಲಿ ಈಜಿಪ್ಟಿನ ಸಾವಿರಾರು ಜನ ತಮ್ಮ ಆಡುಕುರಿಗಳೊಡನೆ ನಡೆದರು, ಫರೋಹನ ರಥಗಳನ್ನು ಓಡಿಸಿದವರು ಈಜಿಪ್ಟ್ ಸೇನೆಯ ಸವಾರರು. ಕೆಂಪು ಸಮುದ್ರ ಇಬ್ಭಾಗವಾಗುವ ದೃಶ್ಯಕ್ಕೆ ತೊಟ್ಟಿಗಳಿಂದ ನೀರನ್ನು ಭೋರ್ಗರೆಯುವಂತೆ ಸುರಿದು, ಆ ಚಿತ್ರಸುರುಳಿಯನ್ನು ಹಿಂದುಮುಂದಾಗಿ ಓಡಿಸಿದರಂತೆ. ಗುಟ್ಟು ತಿಳಿದ ಮೇಲೂ ಆ ದೃಶ್ಯ ಬಂದಾಗ ನಮ್ಮ ಮೈ ನವಿರೇಳುತ್ತದೆ, ಏಕೋ.

ಭಕ್ತಿಯ ಲೇಪವೂ ಇಲ್ಲದ ಖಡ್ಗ ಪಾದರಕ್ಷೆಗಳ ಚಿತ್ರಗಳು ಬೇರೊಂದು ಜಾತಿ. 1958ರಲ್ಲಿ ಪಿಯೆತ್ರೋ ಫ್ರಾಂಚಿಸ್ಕಿ ಎಂಬವರು ಸ್ಟೀವ್ ರೀವ್ಸ್ ಎಂಬ ಅಮೆರಿಕನ್ ಅಂಗಸಾಧಕನನ್ನು ಹರ್ಕ್ಯುಲಿಸನಾಗಿ ನಿಲ್ಲಿಸಿ ತೆಗೆದ ಚಿತ್ರ ಗೆದ್ದಿತು. ಅಲ್ಲಿಂದ ಆರೇಳು ವರ್ಷಗಳಲ್ಲಿ ಇಟಲಿಯವರು ಇಂತಹ ನೂರಕ್ಕೂ ಹೆಚ್ಚು ಚಿತ್ರಗಳನ್ನು ಹೊಸೆದರು. ಹಳೆಯ ಮಾಚಿಸ್ತೆಗೂ ಪುನರ್ಜನ್ಮ ಬಂತು. ಕಾಲೆಳೆದರೆ ಕಂಬ ಉರುಳುವುದು, ಕೈಯೆತ್ತಿದರೆ ಬಂಡೆ ಹಾರುವುದು. ಇಟಲಿಯಲ್ಲಿ ಆಗ ಧರ್ಮಕೇಂದ್ರಗಳಿಗೆ ಸೇರಿದ ಸಾವಿರಾರು ಚಿತ್ರಮಂದಿರಗಳಿದ್ದವು. ಭಾನುವಾರ ಪೂಜೆ, ಧರ್ಮೋಪದೇಶ, ಬಳಿಕ ಚಿತ್ರ ಎಂಬ ಪದ್ಧತಿ. ಹರ್ಕ್ಯುಲಿಸನ ಆಟ ಅಂತಹ ಮಂದಿರಗಳಿಗೆ ಹೇಳಿ ಮಾಡಿಸಿದಂತಿತ್ತು, ಏಕೆಂದರೆ ಒಳ್ಳೆಯವನು ಒಳ್ಳೆಯವನೇ, ಕೆಟ್ಟವನು ಕೆಟ್ಟವನೇ, ಕೊನೆಗೆ ಗೆಲುವು ಯಾರದೆಂಬುದರಲ್ಲಿ ಸಂದೇಹವಿಲ್ಲ. ನಮ್ಮ ಬಯಲಾಟದ ಭೀಮನನ್ನು ಕಂಡವರಿಗೆ ಆ ಆನಂದವನ್ನು ವಿವರಿಸಬೇಕಾಗಿಲ್ಲ.

ಆದರೆ ಮಾಚಿಸ್ತೆಯನ್ನು ಜನ ಮರೆತರು, ಬೆನ್‌ಹರನನ್ನು ಮರೆಯಲಿಲ್ಲ. ಇಲ್ಲಿಯೇ ನಮ್ಮ ಮುಖ್ಯವಾದ ಮಾತು ಬರುತ್ತದೆ. 1959ರ ‘ಬೆನ್‌ಹರ್’ ಚಿತ್ರದ ನಿರ್ದೇಶಕ ವಿಲಿಯಂ ವೈಲರ್ ಯೆಹೂದ್ಯ ಮನೆತನದವನು; 1925ರ ಮೂಕಿ ‘ಬೆನ್‌ಹರ್’ ತಯಾರಾಗುವಾಗ ರಥದ ಓಟದ ಚಿತ್ರೀಕರಣದಲ್ಲಿ ಸಹಾಯಕನಾಗಿ ದುಡಿದಿದ್ದವನು. ಅವನ ಚಿತ್ರಕ್ಕೆ ಹನ್ನೊಂದು ಆಸ್ಕರ್ ಪಾರಿತೋಷಕಗಳು ಬಂದವು. ರಥದ ಓಟವನ್ನು ಹೊಗಳದವರಿಲ್ಲ. ನಮಗೆ ಮಾತ್ರ ಆ ಚಿತ್ರದ ಹೃದಯ ಬೇರೆಡೆ ಇದೆ. ಸುಳ್ಳು ಆಪಾದನೆಗೆ ಗುರಿಯಾದ ಯೂದಾ ಬೆನ್‌ಹರನನ್ನು ಸಂಕೋಲೆ ತೊಡಿಸಿ ಮರಳುಗಾಡಿನಲ್ಲಿ ನಡೆಸಿಕೊಂಡು ಬರುತ್ತಾರೆ. ನಜರೇತಿನ ಬಾವಿಯ ಬಳಿ ಎಲ್ಲರಿಗೂ ನೀರು. ಇವನಿಗೆ ಇಲ್ಲವೆಂದು ರೋಮನ್ ಅಧಿಕಾರಿಯ ಆಜ್ಞೆ. ಅವನು ನೆಲಕ್ಕೆ ಬೀಳುತ್ತಾನೆ. ಆಗ ಯಾರೋ ಒಬ್ಬರು ಬಂದು ನೀರು ಕುಡಿಸುತ್ತಾರೆ. ನಾವು ಕಾಣುವುದು ಅವರ ಕೈ, ಅವರ ಕೂದಲು, ಅವರ ಬೆನ್ನು ಅಷ್ಟೇ. ಅಧಿಕಾರಿ ಗದರಿಸಲು ಬರುತ್ತಾನೆ. ಆ ವ್ಯಕ್ತಿ ಎದ್ದು ನಿಂತು ಅವನನ್ನು ನೋಡುತ್ತಾರೆ. ಅವರ ಮುಖ ನಮಗೆ ಕಾಣದು, ಆ ಸೈನಿಕನ ಮುಖ ಕಾಣುತ್ತದೆ. ಅವನ ಬಾಯಿ ಕಟ್ಟುತ್ತದೆ, ಕಣ್ಣು ತಪ್ಪಿಸುತ್ತಾನೆ, ಹಿಂದೆ ಸರಿಯುತ್ತಾನೆ. ಒಂದು ಮಾತೂ ಇಲ್ಲ. ಆ ಪಾತ್ರವನ್ನು ವಹಿಸಿದ ಕ್ಲಾಡ್ ಹೀಟರ್ ಎಂಬ ಗಾಯಕನ ಮುಖ ಇಡೀ ಚಿತ್ರದಲ್ಲಿ ಎಲ್ಲಿಯೂ ಕಾಣುವುದಿಲ್ಲ. ವಾಲೇಸನ ಬೆಳಕಿನ ಕಿರಣ ಅರುವತ್ತು ವರ್ಷಗಳ ಬಳಿಕ ಈ ರೂಪದಲ್ಲಿ ಬಂದಿತು.

ಈ ಚಿತ್ರಗಳಲ್ಲಿ ಯಾವುವು ಮನಸ್ಸಿನಲ್ಲಿ ಉಳಿದಿವೆಯೆಂದು ಯೋಚಿಸಿದರೆ, ಬಹುಮಟ್ಟಿಗೆ ಅವುಗಳಲ್ಲಿ ಪ್ರಭು ಕಥೆಯ ಅಂಚಿನಲ್ಲಿದ್ದಾರೆ. ‘ದಿ ರೋಬ್’ನಲ್ಲಿ ಪಗಡೆಯಾಡಿ ನಿಲುವಂಗಿಯನ್ನು ಗೆದ್ದ ಸೈನ್ಯಾಧಿಕಾರಿಯ ಕಣ್ಣಿನಿಂದ ಅವರನ್ನು ಕಾಣುತ್ತೇವೆ. ‘ಬರಬ್ಬಾಸ್’ನಲ್ಲಿ (1961) ಅವರ ಬದಲಿಗೆ ಬಿಡುಗಡೆಯಾದ ಕಳ್ಳನ ಕಣ್ಣಿನಿಂದ. ‘ಬೆನ್‌ಹರ್’ನಲ್ಲಿ ಸೇಡಿನಿಂದ ಕುದಿಯುವ ಕೈದಿಯ ಕಣ್ಣಿನಿಂದ. ಶುಭಸಂದೇಶದಲ್ಲಿ ಒಂದು ಸಾಲು ಬಂದು ಮರೆಯಾಗುವವರು, ಅಥವಾ ಅದರಲ್ಲಿ ಹೆಸರೇ ಇಲ್ಲದವರು. ಅವರ ಜಾಗದಲ್ಲಿ ನಾವು ನಿಲ್ಲಬಹುದು. ಪ್ರೇಷಿತರ ಜಾಗದಲ್ಲಿ ನಿಲ್ಲುವ ಧೈರ್ಯ ಯಾರಿಗಿದೆ? ಇದು ಹಾಲಿವುಡ್ಡಿನವರು ಕಂಡುಹಿಡಿದದ್ದಲ್ಲ, ಧರ್ಮಸಭೆಯ ಹಳೆಯ ರೂಢಿ. ಶಿಲುಬೆಯ ಹಾದಿಯ ಆರನೆಯ ಸ್ಥಳದಲ್ಲಿ ಪ್ರಭುವಿನ ಮುಖ ಒರೆಸುವ ವೆರೋನಿಕಳ ಹೆಸರು ನಾಲ್ಕು ಶುಭಸಂದೇಶಗಳಲ್ಲಿ ಎಲ್ಲಿಯೂ ಇಲ್ಲ. ದಾರಿಬದಿಯಲ್ಲಿ ನಿಂತವರೊಬ್ಬರ ಕಣ್ಣು ಬೇಕೆಂದು ಭಕ್ತರ ಪರಂಪರೆಯೇ ಅವಳನ್ನು ಅಲ್ಲಿ ನಿಲ್ಲಿಸಿತು. ಅದೇ 1961ರ ‘ಕಿಂಗ್ ಆಫ್ ಕಿಂಗ್ಸ್’, 1965ರ ‘ದಿ ಗ್ರೇಟೆಸ್ಟ್ ಸ್ಟೋರಿ ಎವರ್ ಟೋಲ್ಡ್’ ಚಿತ್ರಗಳು ಪ್ರಭುವನ್ನೇ ನಡುವೆ ನಿಲ್ಲಿಸಿ ಮುಖವನ್ನು ಪೂರ್ಣವಾಗಿ ತೋರಿಸಿದವು. ಗೌರವಕ್ಕೆ ಕೊರತೆಯಿಲ್ಲ, ಆದರೆ ಪ್ರೀತಿಯಿಂದ ಮತ್ತೆ ನೋಡುವವರು ಕಡಿಮೆ.

ಸೆಳೆತದ ಜೊತೆಗೆ ಹಾನಿಯೂ ಬಂದಿದೆ. ಒಮ್ಮೆ ಧರ್ಮೋಪದೇಶದ ಪರೀಕ್ಷೆಯಲ್ಲಿ ಒಬ್ಬ ಜಾಣ ಹುಡುಗ, ರೋಮಿನಿಂದ ಓಡಿಹೋಗುತ್ತಿದ್ದ ಸಂತ ಪೇತ್ರರಿಗೆ ಪ್ರಭು ದಾರಿಯಲ್ಲಿ ಎದುರಾದ ಪ್ರಸಂಗವನ್ನು ಸೊಗಸಾಗಿ ಬರೆದು, ಪ್ರೇಷಿತರ ಕಾರ್ಯಕಲಾಪಗಳಲ್ಲಿದೆ ಎಂದು ಅಧ್ಯಾಯವನ್ನೂ ನಮೂದಿಸಿದ್ದ! ಅದು ಎರಡನೆಯ ಶತಮಾನದ, ಪವಿತ್ರ ಗ್ರಂಥಕ್ಕೆ ಸೇರದ ‘ಪೇತ್ರನ ಕಾರ್ಯಗಳು’ ಎಂಬ ಕೃತಿಯ ಕಥೆ. ನೀರೋ ಕ್ರೈಸ್ತರನ್ನು ಕೊಲೊಸಿಯಂನಲ್ಲಿ ಸಿಂಹಗಳಿಗೆ ಹಾಕಿದನೆಂಬುದು ಮತ್ತೊಂದು ದೃಢವಾದ ನಂಬಿಕೆ. ನೀರೋ ಸತ್ತದ್ದು ಕ್ರಿ.ಶ. 68ರಲ್ಲಿ, ಕೊಲೊಸಿಯಂ ತೆರೆದದ್ದು 80ರಲ್ಲಿ. ರೋಮನ್ ಇತಿಹಾಸಕಾರ ತಾಸಿತನು ಹೇಳುವ ಹಿಂಸೆ ನಡೆದದ್ದು ನೀರೋನ ತೋಟದಲ್ಲಿ, ಅವನ ರಥದ ಅಂಗಣದಲ್ಲಿ: ಮೃಗಚರ್ಮ ಹೊದಿಸಿ ನಾಯಿಗಳಿಂದ ಹರಿಸಿದರು, ಶಿಲುಬೆಗೇರಿಸಿದರು, ರಾತ್ರಿಯ ದೀಪಗಳಾಗಿ ಸುಟ್ಟರು. ಸಿಂಹಗಳ ಮಾತೇ ಅಲ್ಲಿಲ್ಲ. ಬೆನ್‌ಹರ್ ಹುಟ್ಟು ಹಾಕುವ ಯುದ್ಧನೌಕೆಯನ್ನು ನಿಜವಾಗಿ ನಡೆಸುತ್ತಿದ್ದವರು ಸಾಮಾನ್ಯವಾಗಿ ಸಂಬಳದ ಸ್ವತಂತ್ರ ನಾವಿಕರು; ಕೈದಿಗಳನ್ನು ಸರಪಳಿಯಲ್ಲಿ ಬಿಗಿದ ನೌಕೆಗಳು ಬಹು ಶತಮಾನಗಳ ನಂತರದವು. ಡಿಮಿಲ್‌ನ 1927ರ ಚಿತ್ರದಲ್ಲಿ ಮಗ್ದಲದ ಮರಿಯಳು ಸಿರಿವಂತ ಗಣಿಕೆ, ಜೀಬ್ರಾಗಳನ್ನು ಕಟ್ಟಿದ ರಥದಲ್ಲಿ ಹೊರಡುತ್ತಾಳೆ! ಸಂತ ಲೂಕರು ಹೇಳುವುದು ಅವಳಿಂದ ಏಳು ದೆವ್ವಗಳು ಹೊರಟುಹೋದವೆಂದು ಮಾತ್ರ. ಪೋಪ್ ಫ್ರಾನ್ಸಿಸ್ ಅವರು 2016ರಲ್ಲಿ ಅವಳ ಸ್ಮರಣೆಯನ್ನು ಹಬ್ಬದ ದರ್ಜೆಗೆ ಏರಿಸಿದರು. ‘ಬರಬ್ಬಾಸ್’ ಚಿತ್ರದವರು 1961ರ ಫೆಬ್ರವರಿ 15ರ ನಿಜವಾದ ಪೂರ್ಣ ಸೂರ್ಯಗ್ರಹಣದ ಹೊತ್ತಿನಲ್ಲಿ ಇಟಲಿಯಲ್ಲಿ ಶಿಲುಬೆಯ ದೃಶ್ಯವನ್ನು ಚಿತ್ರೀಕರಿಸಿದರು. ದೃಶ್ಯ ಅದ್ಭುತವೇ. ಆದರೆ ಪಾಸ್ಕ ಬರುವುದು ಹುಣ್ಣಿಮೆಯ ಹೊತ್ತಿಗೆ, ಸೂರ್ಯಗ್ರಹಣವಾಗುವುದು ಅಮಾವಾಸ್ಯೆಗೆ. ಶುಭಸಂದೇಶದ ಆ ಮೂರು ಗಂಟೆಯ ಕತ್ತಲೆ ಗ್ರಹಣವಾಗಿರಲು ಸಾಧ್ಯವಿಲ್ಲ.

ಇವೆಲ್ಲ ನಗುನಗುತ್ತಾ ತಿದ್ದಬಹುದಾದ ತಪ್ಪುಗಳು. ತಿದ್ದಲೇಬೇಕಾದದ್ದು ಒಂದಿದೆ. ಯಾತನೆಯ ನಾಟಕಗಳೂ ಅವುಗಳಿಂದ ಹುಟ್ಟಿದ ಚಿತ್ರಗಳೂ ಪ್ರಭುವಿನ ಮರಣದ ಹೊಣೆಯನ್ನು ಇಡೀ ಯೆಹೂದ್ಯ ಜನಾಂಗದ ಮೇಲೆ ಹೊರಿಸುತ್ತಾ ಬಂದವು. ಕೊಕ್ಕರೆಮೂಗಿನ ಪುರೋಹಿತರು, ಹಣದ ಚೀಲ ಹಿಡಿದ ಯೂದ, ಕೂಗುವ ಗುಂಪು. ಎದುರಿಗೆ ಕೈತೊಳೆದುಕೊಂಡು ಕನಿಕರಪಡುವ ಪಿಲಾತ. 1927ರ ಚಿತ್ರದ ಬಗೆಗೆ ಅಮೆರಿಕದ ಯೆಹೂದ್ಯರು ಪ್ರತಿಭಟಿಸಿದಾಗ ಡಿಮಿಲ್ ಕೆಲವು ಬದಲಾವಣೆಗಳನ್ನು ಮಾಡಿ, ಹೊಣೆಯನ್ನು ಮಹಾಯಾಜಕ ಕಾಯಫನೊಬ್ಬನ ಮೇಲೆ ಹೊರಿಸಿದ. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಯೂರೋಪಿನ ಯೆಹೂದ್ಯರಿಗೆ ಏನಾಯಿತೆಂಬುದನ್ನು ಲೋಕ ಬಲ್ಲದು. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ‘ನೊಸ್ತ್ರಾ ಎತಾತೆ’ ಘೋಷಣೆಯಲ್ಲಿ, ಪ್ರಭುವಿನ ಯಾತನೆಯ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಕೂಡದೆಂದು ನಿಸ್ಸಂದಿಗ್ಧವಾಗಿ ಸಾರಿತು. ಹಳೆಯ ಚಿತ್ರವನ್ನು ಮಕ್ಕಳಿಗೆ ತೋರಿಸುವವರು ಈ ಮಾತನ್ನು ಚಿತ್ರ ಆರಂಭವಾಗುವ ಮುನ್ನವೇ ಹೇಳಬೇಕು. ಮುಗಿದ ಮೇಲೆ ಕೇಳಿಸಿಕೊಳ್ಳಲು ಯಾರೂ ಕೂಡುವುದಿಲ್ಲ.

ಸುಗ್ಗಿ ಬಹುಕಾಲ ನಿಲ್ಲಲಿಲ್ಲ. 1963ರ ‘ಕ್ಲಿಯೋಪಾತ್ರ’ ತನ್ನ ಸಂಸ್ಥೆಯನ್ನೇ ಮುಳುಗಿಸುವಷ್ಟು ಹಣ ನುಂಗಿತು. 1964ರ ‘ದಿ ಫಾಲ್ ಆಫ್ ದಿ ರೋಮನ್ ಎಂಪೈರ್’ ನಿರ್ಮಾಪಕನಿಗೆ ನಷ್ಟ ತಂದಿತು. ಅದೇ 1964ರಲ್ಲಿ, ಈ ವೈಭವಕ್ಕೆ ತೀರ ವಿರುದ್ಧವಾದ ಚಿತ್ರವೊಂದು ಇಟಲಿಯಲ್ಲಿ ಬಂತು. ಅದರ ಕರ್ತೃ ಪಿಯೆರ್ ಪಾವೊಲೊ ಪಾಸೊಲಿನಿ ಆಸ್ತಿಕನಲ್ಲ, ಸಮತಾವಾದಿ. ಹಿಂದಿನ ವರ್ಷ ‘ಲಾ ರಿಕೋತ್ತಾ’ ಎಂಬ ಕಿರುಚಿತ್ರದಲ್ಲಿ ಬೈಬಲ್ ಚಿತ್ರಗಳನ್ನೇ ಆತ ಅಣಕಿಸಿದ್ದ: ಒಳ್ಳೆಯ ಕಳ್ಳನ ಪಾತ್ರಕ್ಕೆ ದಿನಗೂಲಿಗೆ ಬಂದ ಬಡವನೊಬ್ಬ ತನ್ನ ಪಾಲಿನ ಊಟವನ್ನು ಹೆಂಡತಿ ಮಕ್ಕಳಿಗೆ ಕೊಟ್ಟು, ಹಸಿವು ತಾಳದೆ ಆಮೇಲೆ ಸಿಕ್ಕಿದ್ದನ್ನೆಲ್ಲ ತಿಂದು, ಚಿತ್ರೀಕರಣದ ಶಿಲುಬೆಯ ಮೇಲೆಯೇ ಸಾಯುತ್ತಾನೆ. ಧರ್ಮನಿಂದನೆಯೆಂದು ನ್ಯಾಯಾಲಯ ಅವನಿಗೆ ಶಿಕ್ಷೆ ವಿಧಿಸಿತು. ಆ ಚಿತ್ರವನ್ನು ಬಹಳ ತಡವಾಗಿ ನೋಡಿದ ನಮಗೆ, ನಿಂದನೆಗಿಂತ ಚಿನೆಚಿತ್ತಾದ ಆ ಜನಸ್ತೋಮದ ನೆನಪೇ ಕಾಡಿತು. ಅದೇ ಪಾಸೊಲಿನಿ 1962ರಲ್ಲಿ ಅಸ್ಸೀಸಿಯಲ್ಲಿ ಕಥೋಲಿಕ ಸಂಸ್ಥೆಯೊಂದರ ಅತಿಥಿಯಾಗಿದ್ದಾಗ ಸಂತ ಮತ್ತಾಯರ ಶುಭಸಂದೇಶವನ್ನು ಓದಿದ್ದ. ಅದರ ಮಾತುಗಳನ್ನೇ ಬಳಸಿ, ಮತೇರಾ ಪಟ್ಟಣದ ಕಲ್ಲುಗುಹೆಗಳ ನಡುವೆ, ನಟರಲ್ಲದ ಸಾಮಾನ್ಯ ಜನರನ್ನು ಇಟ್ಟುಕೊಂಡು, ಕಪ್ಪುಬಿಳುಪಿನಲ್ಲಿ ಚಿತ್ರ ತೆಗೆದು ಇಪ್ಪತ್ತಮೂರನೆಯ ಜಾನ್ ಜಗದ್ಗುರುಗಳ ಸ್ಮರಣೆಗೆ ಅರ್ಪಿಸಿದ. ಪ್ರಭುವಿನ ಮುಖವನ್ನು ನೇರವಾಗಿ ತೋರಿಸಿಯೂ ಗೆದ್ದ ಚಿತ್ರವೆಂದರೆ ನಮ್ಮ ದೃಷ್ಟಿಯಲ್ಲಿ ಅದೊಂದೇ. ಅಲ್ಲಿ ದಾರಿಬದಿಯ ಬಡವರ ಮುಖಗಳು ಹಿನ್ನೆಲೆಯಾಗಿ ಉಳಿಯದೆ ಮುಂದಕ್ಕೆ ಬಂದಿವೆ.

ನಂತರದ ಕಥೆ ತಮಗೆ ತಿಳಿದದ್ದೇ. ಜೆಫಿರೆಲ್ಲಿಯ ‘ಜೀಸಸ್ ಆಫ್ ನಜರೆತ್’ 1977ರಲ್ಲಿ ದೂರದರ್ಶನದ ಮೂಲಕ ಮನೆಮನೆಗೆ ಹೋಯಿತು. 1978ರಲ್ಲಿ ತೆಲುಗಿನ ‘ಕರುಣಾಮಯುಡು’ ಚಿತ್ರದಲ್ಲಿ ವಿಜಯಚಂದರ್ ಪ್ರಭುವಿನ ಪಾತ್ರ ವಹಿಸಿದರು. 1979ರ ‘ಜೀಸಸ್’ ಚಿತ್ರ ಎರಡು ಸಾವಿರಕ್ಕೂ ಹೆಚ್ಚು ಭಾಷೆಗಳಿಗೆ ಇಳಿದಿದೆ, ನಮ್ಮ ಕನ್ನಡವೂ ಅದರಲ್ಲೊಂದು. ಮೆಲ್ ಗಿಬ್ಸನ್ನರ 2004ರ ಚಿತ್ರದ ಬಗೆಗೆ ಪರ ವಿರೋಧದ ಚರ್ಚೆ ಇನ್ನೂ ಮುಗಿದಿಲ್ಲ; ನಮಗೆ ಅಲ್ಲಿ ರಕ್ತ ಹೆಚ್ಚಾಯಿತು. ಚಲನಚಿತ್ರ ಹುಟ್ಟಿ ನೂರು ವರ್ಷವಾದ 1995ರಲ್ಲಿ ವ್ಯಾಟಿಕನ್ನಿನ ಸಂಪರ್ಕ ಮಾಧ್ಯಮಗಳ ಮಂಡಳಿ ನಲವತ್ತೈದು ಶ್ರೇಷ್ಠ ಚಿತ್ರಗಳ ಪಟ್ಟಿಯನ್ನು ಹೊರಡಿಸಿತು. ಜೆಕ್ಕಾನ ಮೂಕಿ ಚಿತ್ರ, ವೈಲರನ ‘ಬೆನ್‌ಹರ್’, ಪಾಸೊಲಿನಿಯ ಚಿತ್ರ ಮೂರೂ ಅದರಲ್ಲಿವೆ. ಡಿಮಿಲ್‌ನದು ಒಂದೂ ಇಲ್ಲ.

ಈಗ ಇವೆಲ್ಲ ಅಂಗೈಯಗಲದ ದೂರವಾಣಿಯಲ್ಲೂ ಸಿಗುತ್ತವೆ. ಸಿನೆಮಾಸ್ಕೋಪಿಗಾಗಿ ಹುಟ್ಟಿದ ಚಿತ್ರಕ್ಕೆ ಎಂತಹ ಗತಿ! ಸಾಧ್ಯವಿದ್ದವರು ಮನೆಯ ದೊಡ್ಡ ಪರದೆಯಲ್ಲಿ, ಎಲ್ಲರೂ ಒಟ್ಟಿಗೆ ಕುಳಿತು ನೋಡಬೇಕೆಂದು ನಮ್ಮ ಕೋರಿಕೆ. ‘ಬೆನ್‌ಹರ್’ ಮೂರೂವರೆ ಗಂಟೆಯದು. ಮಕ್ಕಳಿರುವ ಮನೆಯಲ್ಲಿ ಎರಡು ಸಂಜೆಗಳಾಗಿ ಹಂಚಿಕೊಳ್ಳಬಹುದು. ರಥದ ಓಟ ಮುಗಿದೊಡನೆ ಹೆಚ್ಚಿನವರು ಎದ್ದು ಹೋಗುವುದನ್ನು ನಾವು ಕಂಡಿದ್ದೇವೆ. ಆ ಬಳಿಕವೂ ಅರ್ಧ ಗಂಟೆಗೆ ಮಿಕ್ಕಿ ಚಿತ್ರವಿದೆ. ಶಿಲುಬೆ ಹೊತ್ತು ಬೀಳುವ ಆ ವ್ಯಕ್ತಿ ಅಂದು ತನಗೆ ನೀರು ಕೊಟ್ಟವರೇ ಎಂದು ಬೆನ್‌ಹರ್ ಗುರುತಿಸಿ, ಗುಂಪನ್ನು ಸೀಳಿಕೊಂಡು ನೀರು ತುಂಬಿ ತರುತ್ತಾನೆ; ಸೈನಿಕನೊಬ್ಬ ಅದನ್ನು ಒದ್ದು ಚೆಲ್ಲುವುದು ಅಲ್ಲಿಯೇ.